ಸಲಹೆಯೇ ಇಲ್ಲದ ಐವತ್ತು ನಿಮಿಷ

ನಮ್ಮ ಹಾಸ್ಟೆಲಿನ ಮೆಸ್ಸಿನಲ್ಲಿ ರಾತ್ರಿಯ ಊಟ ಏಳೂವರೆಗೆ ಶುರುವಾಗಿ ಒಂಬತ್ತೂವರೆಗೆ ಮುಗಿಯುತ್ತದೆ. ಪಿಎಚ್.ಡಿ.ಗೆ ಸೇರಿದ ಮೊದಲ ಹದಿನಾಲ್ಕು ತಿಂಗಳು ನಾನು ಒಂಬತ್ತೂಕಾಲಿಗೆ ಮೊದಲು ಆ ಬಾಗಿಲು ದಾಟಿದವನಲ್ಲ. ಅಷ್ಟು ಹೊತ್ತಿಗೆ ಚಪಾತಿ ಮುಗಿದಿರುತ್ತಿತ್ತು, ಸಾರಿನ ಪಾತ್ರೆಯ ತಳದಲ್ಲಿ ಬೇಳೆ ಗಟ್ಟಿಯಾಗಿ ಕೂತಿರುತ್ತಿತ್ತು, ಮೇಜು ಒರೆಸುವ ಹುಡುಗ ಒದ್ದೆ ಬಟ್ಟೆ ಹಿಡಿದುಕೊಂಡು ನನ್ನ ತಟ್ಟೆ ಖಾಲಿಯಾಗುವುದನ್ನೇ ಕಾಯುತ್ತಿದ್ದ. ಯಾರ ಪಕ್ಕ ಕೂರಬೇಕು, ಕೂತರೆ ಏನು ಮಾತನಾಡಬೇಕು, ಸುಮ್ಮನಿದ್ದರೆ ಏನೆಂದುಕೊಳ್ಳುತ್ತಾರೆ ಎಂಬ ಯೋಚನೆಗಳಿಂದ ತಪ್ಪಿಸಿಕೊಳ್ಳಬಹುದಾದರೆ ಆರಿದ ಅನ್ನ ನನಗೆ ಒಪ್ಪಿಗೆಯೇ ಆಗಿತ್ತು.

ಹತ್ತು ಗಂಟೆಗೆ ತಿಪಟೂರು ತಾಲ್ಲೂಕಿನ ನಮ್ಮ ಹಳ್ಳಿಯಿಂದ ಅಮ್ಮನ ಫೋನು ಬರುತ್ತಿತ್ತು. "ಉಂಡ್ಯೇನಪ್ಪ? ಯಾರ್ ಜೊತೆ ಉಂಡೆ?" ಎಂಬುದು ಅವಳ ನಿತ್ಯದ ಪ್ರಶ್ನೆ. ಒಬ್ಬನೇ ಉಂಡೆನೆಂದು ಹೇಳಿದರೆ ಅವಳಿಗೆ ನಿದ್ದೆ ಬಾರದೆಂದು ಗೊತ್ತಿದ್ದುದರಿಂದ ನಾನು ಹಾವೇರಿ ಕಡೆಯ ಒಬ್ಬ ಗೆಳೆಯನನ್ನು ಸೃಷ್ಟಿ ಮಾಡಿದ್ದೆ. ಮೊದಮೊದಲು ಅವನಿಗೆ ಹೆಸರಿರಲಿಲ್ಲ. ಅವಳು ಕೇಳಿದ ಮೇಲೆ ಮಂಜು ಎಂದು ಹೆಸರಿಟ್ಟೆ. ಕ್ರಮೇಣ ಮಂಜುವಿಗೆ ಒಬ್ಬ ತಂಗಿ, ಒಂದು ಹಳೆಯ ಬೈಕು, ಖಾರ ಹೆಚ್ಚು ತಿನ್ನುವ ಅಭ್ಯಾಸ ಎಲ್ಲವೂ ಬಂದವು. ಒಂದು ದೀಪಾವಳಿಗೆ ಊರಿಗೆ ಹೋಗಿ ಮರಳುವಾಗ ಅಮ್ಮ ಕೊಬ್ಬರಿ ಮಿಠಾಯಿಯ ಎರಡು ಪೊಟ್ಟಣ ಕಟ್ಟಿಕೊಟ್ಟು, ಒಂದು ಮಂಜುವಿಗೆ ಎಂದಳು. ಎರಡನ್ನೂ ನಾನೇ ತಿಂದೆ. ಎರಡನೆಯದನ್ನು ತಿನ್ನುವಾಗ ನನಗೆ ನನ್ನ ಬಗ್ಗೆ ಹುಟ್ಟಿದ ಹೇಸಿಗೆಯನ್ನು ಇಲ್ಲಿ ವಿವರಿಸುವುದಿಲ್ಲ. ಮುಂದೆ ಹೇಳಬೇಕಾದ ಸಂಗತಿಗೆ ಅದು ಅಗತ್ಯವಾದ್ದರಿಂದ ಇಷ್ಟು ಬರೆದೆ.

ನಾನು ಸಾವಯವ ರಸಾಯನಶಾಸ್ತ್ರದಲ್ಲಿ ಸಂಶೋಧನೆ ಮಾಡುವವನು. ಈ ಕೆಲಸದಲ್ಲಿ ಒಂಟಿಯಾಗಿರಲು ಬೇಕಾದಷ್ಟು ನೆಪಗಳು ಸಿಗುತ್ತವೆ. ಮಿಶ್ರಣದಲ್ಲಿರುವುದನ್ನು ಬೇರ್ಪಡಿಸಲು ಗಾಜಿನ ಕೊಳವೆಗೆ ಸಿಲಿಕಾ ಜೆಲ್ ತುಂಬಿ, ಮೇಲಿಂದ ದ್ರಾವಕ ಹರಿಸಿ, ಕೆಳಗೆ ತೊಟ್ಟಿಕ್ಕುವುದನ್ನು ಒಂದೊಂದೇ ಪ್ರನಾಳದಲ್ಲಿ ಹಿಡಿಯುತ್ತ ಕೂರುವ ಕೆಲಸಕ್ಕೆ ಕಾಲಂ ಹಾಕುವುದು ಎನ್ನುತ್ತೇವೆ. ರಾತ್ರಿ ಹತ್ತೂವರೆಗೆ ಕಾಲಂ ಹಾಕಿದರೆ ಬೆಳಗಿನ ಮೂರರವರೆಗೆ ಯಾರೂ ಮಾತನಾಡಿಸುವುದಿಲ್ಲ, ಮರುದಿನ ಹಗಲೆಲ್ಲ ಮಲಗಿದರೂ ಶ್ರಮಜೀವಿ ಎಂಬ ಹೆಸರು ಬರುತ್ತದೆ. ತಪ್ಪಿಸಿಕೊಳ್ಳಲಾಗದ್ದು ಸೋಮವಾರ ಹತ್ತು ಗಂಟೆಯ ಗ್ರೂಪ್ ಮೀಟಿಂಗ್ ಮಾತ್ರ. ಪದವಿಯವರೆಗೆ ವಿಜ್ಞಾನವನ್ನು ಇಂಗ್ಲಿಷಿನಲ್ಲಿ ಓದಿ ಬರೆದಿದ್ದೆನೇ ಹೊರತು ಇಂಗ್ಲಿಷಿನಲ್ಲಿ ಮಾತನಾಡಿದವನಲ್ಲ. ಭಾನುವಾರ ಮಧ್ಯಾಹ್ನದಿಂದಲೇ ಹೊಟ್ಟೆಯಲ್ಲಿ ತಳಮಳ, ಸಂಜೆಗೆ ಅಂಗೈ ತಣ್ಣಗೆ, ರಾತ್ರಿ ನಿದ್ದೆ ಇಲ್ಲ. 2023ರ ಸೆಪ್ಟೆಂಬರಿನಲ್ಲಿ ಒಂದು ದಿನ ಮಾರ್ಗದರ್ಶಕರು ಕಾರಿಡಾರಿನಲ್ಲಿ ಹಿಂದಿನಿಂದ ನನ್ನ ಹೆಸರು ಕರೆದರು. ಎದೆ ಎಷ್ಟು ಜೋರಾಗಿ ಬಡಿದುಕೊಂಡಿತೆಂದರೆ ಇದು ಹೃದಯಾಘಾತವೇ ಎಂದುಕೊಂಡು ಶೌಚಾಲಯದೊಳಗೆ ಹೋಗಿ ನೆಲದ ಮೇಲೆ ಕೂತುಬಿಟ್ಟೆ.

ಇಸಿಜಿ ಸರಿಯಾಗಿತ್ತು, ಥೈರಾಯ್ಡ್ ಸರಿಯಾಗಿತ್ತು. ವೈದ್ಯರು ಟೆನ್ಷನ್ ಮಾಡಿಕೊಳ್ಳಬೇಡಿ ಎಂದರು. ದೊಡ್ಡಪ್ಪ ಪ್ರಾಣಾಯಾಮ ಮಾಡು ಎಂದರು, ಲ್ಯಾಬಿನ ಹಿರಿಯನೊಬ್ಬ ಗಟ್ಟಿಯಾಗಬೇಕು ಎಂದ. ಯಾರ ಮಾತೂ ತಪ್ಪಾಗಿರಲಿಲ್ಲ. ನನಗೂ ಅದೆಲ್ಲ ಮೊದಲೇ ಗೊತ್ತಿತ್ತು. ಗೊತ್ತಿದ್ದೂ ಆಗುತ್ತಿಲ್ಲವಲ್ಲ ಎಂಬುದೇ ನನ್ನ ತೊಂದರೆಯ ಅರ್ಧ ಭಾಗವಾಗಿತ್ತು.

ಅಕ್ಟೋಬರಿನ ಒಂದು ರಾತ್ರಿ ಕಾಲಂ ಮುಂದೆ ಕೂತೇ 14416ಕ್ಕೆ ಕರೆ ಮಾಡಿದೆ. ಟೆಲಿ-ಮಾನಸ್ ಎಂಬ ಈ ಸರ್ಕಾರಿ ಮಾನಸಿಕ ಆರೋಗ್ಯ ಸಹಾಯವಾಣಿ 2022ರ ಅಕ್ಟೋಬರ್ 10ರಂದು ಆರಂಭವಾಯಿತು. ಬೆಂಗಳೂರಿನ ನಿಮ್ಹಾನ್ಸ್ ಅದರ ಕೇಂದ್ರಬಿಂದು. ಭಾಷೆ ಆರಿಸಿಕೊಳ್ಳುವಾಗ ಕನ್ನಡವನ್ನು ಒತ್ತಿದೆ. ಇಂಗ್ಲಿಷಿನಲ್ಲಿ ಮಾತನಾಡಬೇಕಾಗಿದ್ದರೆ ಖಂಡಿತ ಫೋನ್ ಇಟ್ಟುಬಿಡುತ್ತಿದ್ದೆ. ಅತ್ತ ಕಡೆಯ ಹೆಣ್ಣುಮಗಳು ಸುಮಾರು ಇಪ್ಪತ್ತು ನಿಮಿಷ ಕೇಳಿಸಿಕೊಂಡು, ಪ್ರಾಣಕ್ಕೆ ಅಪಾಯ ಮಾಡಿಕೊಳ್ಳುವ ಯೋಚನೆ ಇದೆಯೇ ಎಂದು ಮುಚ್ಚುಮರೆಯಿಲ್ಲದೆ ಕೇಳಿ, ಇಲ್ಲವೆಂದು ಖಚಿತವಾದ ಮೇಲೆ, ನಿಮ್ಮ ಸಂಸ್ಥೆಯಲ್ಲೇ ಮನೋವೈದ್ಯರು ಇದ್ದರೆ ಅವರನ್ನು ಕಾಣಿ ಎಂದರು. ಇದ್ದರು. ಪ್ರತಿದಿನ ನಾನು ಹಾದುಹೋಗುತ್ತಿದ್ದ ಆರೋಗ್ಯ ಕೇಂದ್ರದ ಮೇಲ್ಮಹಡಿಯಲ್ಲೇ ಇದ್ದರು.

ಮನೋವೈದ್ಯರು ಜಿಎಡಿ-7 ಎಂಬ ಒಂದು ಹಾಳೆ ಕೊಟ್ಟರು. ಕಳೆದ ಎರಡು ವಾರಗಳಲ್ಲಿ ಆತಂಕ ಎಷ್ಟು ಕಾಡಿತು ಎಂಬ ಬಗ್ಗೆ ಅದರಲ್ಲಿ 7 ಪ್ರಶ್ನೆಗಳಿರುತ್ತವೆ. ಪ್ರತಿಯೊಂದಕ್ಕೂ 0ಯಿಂದ 3ರವರೆಗೆ ಅಂಕ, ಒಟ್ಟು 21. 15 ಅಥವಾ ಅದಕ್ಕಿಂತ ಹೆಚ್ಚು ಬಂದರೆ ತೀವ್ರ ಎನ್ನುತ್ತಾರೆ. ನನ್ನದು 16 ಬಂತು. ಹತ್ತನೆಯ ತರಗತಿಯಿಂದ ಇತ್ತೀಚಿನವರೆಗೆ ಅಂಕಗಳನ್ನೇ ನಂಬಿ ಬದುಕಿದವನಿಗೆ, ಹೆಚ್ಚು ಬಂದಷ್ಟೂ ಕೆಟ್ಟದ್ದು ಎನ್ನುವ ಅಂಕಪಟ್ಟಿ ಅದೇ ಮೊದಲು. ಅವರು ದಿನಕ್ಕೊಂದು ಮಾತ್ರೆ ಬರೆದುಕೊಟ್ಟು, ವಾರಕ್ಕೊಮ್ಮೆ ಆಪ್ತಸಮಾಲೋಚಕಿಯನ್ನು ಕಾಣಲು ಹೇಳಿದರು. ಮಾತ್ರೆಯ ವಿಷಯವನ್ನು ಈಗಲೇ ಹೇಳಿಬಿಡಬೇಕು. ಮುಂದೆ ನಾನು ಬರೆಯುವ ಬದಲಾವಣೆಗಳಲ್ಲಿ ಔಷಧದ ಪಾಲೆಷ್ಟು, ಮಾತಿನ ಪಾಲೆಷ್ಟು ಎಂದು ಬೇರ್ಪಡಿಸಿ ತೋರಿಸಲು ನನ್ನಿಂದ ಸಾಧ್ಯವಿಲ್ಲ. ಈ ಮಿಶ್ರಣಕ್ಕೆ ಕಾಲಂ ಹಾಕಲು ಬರುವುದಿಲ್ಲ.

ಗುರುವಾರ ಸಂಜೆ ನಾಲ್ಕು ಗಂಟೆಯಿಂದ ಐವತ್ತು ನಿಮಿಷ ನನಗೆ ಗೊತ್ತುಮಾಡಿದ ಸಮಯ. ಸಿನಿಮಾದಲ್ಲಿ ತೋರಿಸುವಂತೆ ಮಲಗುವ ಸೋಫಾ ಇರಲಿಲ್ಲ. ಎರಡು ಬೆತ್ತದ ಕುರ್ಚಿಗಳು ತುಸು ಓರೆಯಾಗಿ ಎದುರುಬದುರಾಗಿದ್ದವು. ಹಾಗಾಗಿ ಬೇಕೆಂದಾಗ ಅವರ ಮುಖ, ಬೇಡವೆಂದಾಗ ಕಿಟಕಿ ನೋಡಬಹುದಾಗಿತ್ತು. ಮೇಡಂ ಮೈಸೂರಿನ ಕಡೆಯವರು, ನಲವತ್ತೈದರ ಆಸುಪಾಸಿನವರು. ನನಗಿಂತ ಇಪ್ಪತ್ತು ವರ್ಷ ದೊಡ್ಡವರಾದರೂ ಮೊದಲ ದಿನದಿಂದ ಕೊನೆಯ ದಿನದವರೆಗೆ ನನ್ನನ್ನು "ನೀವು" ಎಂದೇ ಕರೆದರು. ಮೊದಲು ಅವರು ಹೇಳಿದ್ದು ಗೌಪ್ಯತೆಯ ವಿಷಯ. ಇಲ್ಲಿನ ಮಾತು ಮಾರ್ಗದರ್ಶಕರಿಗಾಗಲಿ, ಮನೆಯವರಿಗಾಗಲಿ, ಆಡಳಿತಕ್ಕಾಗಲಿ ಹೋಗುವುದಿಲ್ಲ; ನನ್ನ ಅಥವಾ ಇನ್ನೊಬ್ಬರ ಜೀವಕ್ಕೆ ಅಪಾಯ ಕಂಡುಬಂದರೆ ಮಾತ್ರ ಆ ಕಟ್ಟು ಸಡಿಲವಾಗುತ್ತದೆ. 2017ರ ಮಾನಸಿಕ ಆರೋಗ್ಯ ರಕ್ಷಣಾ ಕಾಯ್ದೆಯಲ್ಲಿಯೇ ಗೌಪ್ಯತೆ ನಮ್ಮ ಹಕ್ಕೆಂದು ಇದೆ. ಹಾಸ್ಟೆಲಿನಲ್ಲಿ ಇದು ಗೊತ್ತಿರುವವರು ಕಡಿಮೆ. ಗೊತ್ತಿದ್ದಿದ್ದರೆ ನಾನೇ ಒಂದು ವರ್ಷ ಮೊದಲು ಮೆಟ್ಟಿಲು ಹತ್ತುತ್ತಿದ್ದೆನೋ ಏನೋ.

ಇದಾದ ಮೇಲೆ ಅವರು ಸುಮ್ಮನಾದರು. ನಾನು ನೋಟ್‌ಬುಕ್ಕಿನಲ್ಲಿ ಪಟ್ಟಿ ಮಾಡಿಕೊಂಡು ಬಂದಿದ್ದ ತೊಂದರೆಗಳನ್ನೆಲ್ಲ ಒಂದೇ ಉಸಿರಿನಲ್ಲಿ ಓದಿ, "ಈಗ ನಾನೇನ್ ಮಾಡ್ಬೇಕು ಹೇಳಿ ಮೇಡಂ" ಎಂದೆ.

"ಏನಾದ್ರೂ ಒಂದು ಮಾಡ್ಲೇಬೇಕು, ತಡ ಆಗ್ತಿದೆ ಅಂತ ಅನ್ನಿಸ್ತಿದೆ ನಿಮಗೆ" ಎಂದರು.

"ಹೌದು. ಏನ್ ಮಾಡ್ಲಿ?"

"ಯಾರಾದ್ರೂ ಹೇಳಿಬಿಟ್ರೆ ಸಾಕಪ್ಪಾ ಅನ್ನುವಷ್ಟು ದಣಿದಿದೀರಿ."

ನಾನು ದಣಿದಿದ್ದೆ, ನಿಜ. ಆದರೆ ನಾನು ಹೇಳಿದ್ದನ್ನೇ ಬೇರೆ ಮಾತಿನಲ್ಲಿ ನನಗೆ ತಿರುಗಿ ಹೇಳಲು ಒಬ್ಬರು ಬೇಕೆ ಎಂದು ಮೆಟ್ಟಿಲಿಳಿಯುವಾಗ ಸಿಟ್ಟೂ ಬಂತು. ಮೂರು ವಾರ ಹೀಗೆಯೇ ನಡೆಯಿತು. ನಾನು ಔಷಧಿ ಚೀಟಿ ಕೇಳುತ್ತಿದ್ದೆ, ಅವರು ಕನ್ನಡಿ ಹಿಡಿಯುತ್ತಿದ್ದರು.

ಸಂಶೋಧನಾ ವಿದ್ಯಾರ್ಥಿಗೆ ಸಿಟ್ಟು ಬಂದರೆ ಅವನು ಲೇಖನಗಳನ್ನು ಹುಡುಕುತ್ತಾನೆ. ಮೇಡಂ ಅನುಸರಿಸುತ್ತಿದ್ದುದು ವ್ಯಕ್ತಿ ಕೇಂದ್ರಿತ ಚಿಕಿತ್ಸೆ, ಅಂದರೆ ಸಲಹೆ ಕೊಡುವ ಬದಲು ಎದುರಿನವರನ್ನು ಕೇಳಿಸಿಕೊಂಡು ಅರ್ಥ ಮಾಡಿಕೊಳ್ಳುವ ಪದ್ಧತಿ, ಎಂದು ಕೇಳಿ ತಿಳಿದುಕೊಂಡಿದ್ದೆ. ಅದರ ಮೂಲಪುರುಷ ಮನೋವಿಜ್ಞಾನಿ ಕಾರ್ಲ್ ರೋಜರ್ಸ್. 1902ರಲ್ಲಿ ಅಮೆರಿಕದ ಓಕ್ ಪಾರ್ಕಿನಲ್ಲಿ ಹುಟ್ಟಿ, ಹನ್ನೆರಡರ ವಯಸ್ಸಿನಲ್ಲಿ ಮನೆಯವರೊಂದಿಗೆ ಜಮೀನಿಗೆ ಹೋಗಿ ನೆಲೆಸಿ, ಗೆಳೆಯರಿಲ್ಲದೆ ಪುಸ್ತಕಗಳ ಜೊತೆ ಬೆಳೆದ ಹುಡುಗ. ಕಾಲೇಜಿಗೆ ಸೇರಿದ್ದೂ ಕೃಷಿ ಓದಲೆಂದು. 1940ರ ಡಿಸೆಂಬರ್ 11ರಂದು ಮಿನೆಸೋಟ ವಿಶ್ವವಿದ್ಯಾಲಯದಲ್ಲಿ ಮಾಡಿದ ಒಂದು ಭಾಷಣವನ್ನೇ ಅವರು ಮುಂದೆ ಈ ಪದ್ಧತಿಯ ಹುಟ್ಟುದಿನವೆಂದು ಗುರುತಿಸಿಕೊಂಡರು. ರೋಗಿ ಎನ್ನುವುದನ್ನು ಬಿಟ್ಟು ಕ್ಲೈಂಟ್ ಎಂದು ಕರೆದರು. ಈ ಮಾತಿಗೆ ಕನ್ನಡದಲ್ಲಿ ಸರಿಯಾದ ಪದವಿಲ್ಲ: ಕಕ್ಷಿದಾರ ಎಂದರೆ ಕೋರ್ಟಿಗೆ ಹೋಗಬೇಕಾಗುತ್ತದೆ, ಗ್ರಾಹಕ ಎಂದರೆ ಅಂಗಡಿಗೆ. ನನಗೆ ಹಿಡಿಸಿದ್ದು ಇನ್ನೊಂದು ವಿಷಯ. 1940ರ ದಶಕದ ಆರಂಭದಲ್ಲೇ ಅವರು ಸಮಾಲೋಚನೆಗಳನ್ನು ಗ್ರಾಮೋಫೋನ್ ತಟ್ಟೆಗಳಲ್ಲಿ ಮುದ್ರಿಸಿಕೊಂಡು, ಒಬ್ಬ ವ್ಯಕ್ತಿಯ ಎಂಟು ಭೇಟಿಗಳ ಮಾತನ್ನು ಅಕ್ಷರಶಃ ಪ್ರಕಟಿಸಿದರು. ಮುಚ್ಚಿದ ಕೋಣೆಯಲ್ಲಿ ಏನು ನಡೆಯುತ್ತದೆಂಬುದನ್ನು ಕಚ್ಚಾ ದತ್ತಾಂಶವಾಗಿ ಮುಂದಿಟ್ಟವರನ್ನು ಯಾವ ರಸಾಯನಶಾಸ್ತ್ರಜ್ಞನಾದರೂ ಗೌರವಿಸಬೇಕು.

ಹಾಗೆಯೇ ನನಗೆ ಬೇಕಾಗಿದ್ದ ಆಯುಧವೂ ಸಿಕ್ಕಿತು. ನನ್ನಂತೆ ಜನರ ನಡುವೆ ಕಾಡುವ ಸಾಮಾಜಿಕ ಆತಂಕಕ್ಕೆ ಮೊದಲು ಕೊಡಬೇಕಾದ್ದು ಯೋಚನೆ, ನಡವಳಿಕೆಗಳನ್ನು ಅಭ್ಯಾಸದಿಂದ ಬದಲಿಸುವ ಅರಿವು-ವರ್ತನೆಯ ಚಿಕಿತ್ಸೆ, ಅಂದರೆ ಸಿಬಿಟಿ, ಎಂದು ಬ್ರಿಟನ್ನಿನ ನೈಸ್ ಸಂಸ್ಥೆ 2013ರ ಮಾರ್ಗಸೂಚಿಯಲ್ಲಿ ಹೇಳಿದೆ. ಅದನ್ನು ಮುದ್ರಿಸಿಕೊಂಡು, ಹಳದಿ ಗೆರೆ ಎಳೆದು, ನಾಲ್ಕನೆಯ ಗುರುವಾರ ಮೇಡಂ ಮುಂದಿಟ್ಟೆ. ಕೈ ನಡುಗುತ್ತಿತ್ತು. "ನಿಮ್ಮ ಪದ್ಧತಿ ನನ್ನ ತೊಂದರೆಗೆ ಮೊದಲ ಆಯ್ಕೆ ಅಲ್ಲ ಅಂತ ಇದರಲ್ಲಿದೆ" ಎಂದೆ.

ಅವರು ಹಾಳೆಯನ್ನು ಪೂರ್ತಿ ಓದಿದರು, ಮೇಲೆಮೇಲೆ ಕಣ್ಣಾಡಿಸಲಿಲ್ಲ. "ಇದು ನಿಜ. ನಮ್ಮಲ್ಲೇ ಸಿಬಿಟಿ ಮಾಡೋ ಸಹೋದ್ಯೋಗಿ ಇದಾರೆ. ಬೇಕು ಅಂದ್ರೆ ಇವತ್ತೇ ಬರ್ಕೊಡ್ತೀನಿ, ನನಗೇನೂ ಬೇಜಾರಿಲ್ಲ" ಎಂದು, ಸ್ವಲ್ಪ ತಡೆದು, "ಇದನ್ನ ನನಗೆ ಹೇಳ್ಬೇಕು ಅಂತ ಎಷ್ಟು ದಿನದಿಂದ ಇಟ್ಕೊಂಡಿದ್ರಿ?" ಎಂದು ಕೇಳಿದರು.

"ಎರಡು ವಾರದಿಂದ."

"ಎರಡು ವಾರ ಇಟ್ಕೊಂಡು, ಇವತ್ತು ಹೇಳಿದ್ರಿ."

ಅಷ್ಟೇ. ಹೊಗಳಲಿಲ್ಲ, ತಮ್ಮನ್ನು ಸಮರ್ಥಿಸಿಕೊಳ್ಳಲೂ ಇಲ್ಲ. ನನಗಿಂತ ಹಿರಿಯರೊಬ್ಬರ ಎದುರು ಕೂತು ನೀವು ಮಾಡುತ್ತಿರುವುದು ಸರಿಯಿಲ್ಲ ಎಂದು ಹೇಳಿದ್ದು ನನ್ನ ಆಯುಷ್ಯದಲ್ಲೇ ಮೊದಲ ಸಲ ಎಂಬುದು ನನಗೆ ಹೊಳೆದದ್ದು ಅವರು ಅದನ್ನು ಹಾಗೆ ಎತ್ತಿ ಇಟ್ಟ ಮೇಲೆ. ಆಮೇಲೆ ಇಬ್ಬರೂ ಮಾತನಾಡಲಿಲ್ಲ. ಬಹಳ ಹೊತ್ತು ಆ ಮೌನ ಹಾಗೇ ಇತ್ತು. ಹಾಸ್ಟೆಲಿನ ತಾರಸಿಯ ಮೇಲಿನ ಟ್ಯಾಂಕು ತುಂಬಿ ನೀರು ಗೋಡೆಯ ಮೇಲೆ ಸುರಿಯುವ ಸದ್ದು ಕಿಟಕಿಯಿಂದ ಬರುತ್ತಿತ್ತು. ಇಷ್ಟು ಹೊತ್ತು ಸುಮ್ಮನಿದ್ದರೆ ಅವರೇನು ಅಂದುಕೊಳ್ಳುತ್ತಾರೋ ಎಂದು ನಾನು ಒಳಗೊಳಗೇ ಬೆವರುತ್ತಿರುವಾಗ ಮೇಡಂ, "ಮೋಟರ್ ಆಫ್ ಮಾಡೋದು ಮರ್ತಿದಾರೆ ಕಾಣುತ್ತೆ" ಎಂದರು. ನನಗೆ ನಗು ಬಂತು. ಎಷ್ಟೋ ತಿಂಗಳ ಮೇಲೆ ಇನ್ನೊಬ್ಬರ ಎದುರು ನಕ್ಕಿದ್ದೆ. ಆ ದಿನ ಸಿಬಿಟಿಗೆ ಬರೆಸಿಕೊಳ್ಳದೆ ಮರಳಿದೆ.

ಅವರ ಮಾತು ಕನ್ನಡಿಯಲ್ಲ ಎಂದು ತಿಳಿಯಲು ಇನ್ನೂ ಕೆಲವು ವಾರ ಹಿಡಿಯಿತು. ರೋಜರ್ಸ್ ಅವರ ಬಗ್ಗೆಯೂ ಗಿಳಿಪಾಠದ ಹಾಸ್ಯ ಬಹಳ ಚಾಲ್ತಿಯಲ್ಲಿತ್ತಂತೆ. ಅವರು ಇಳಿವಯಸ್ಸಿನಲ್ಲಿ, ತಾವು ಎದುರಿನವರ ಭಾವನೆಯನ್ನು ಪ್ರತಿಫಲಿಸುತ್ತಿಲ್ಲ, ತಾವು ಅರ್ಥ ಮಾಡಿಕೊಂಡದ್ದು ಸರಿಯೇ ಎಂದು ಪರೀಕ್ಷಿಸಿಕೊಳ್ಳುತ್ತಿದ್ದೇವೆ ಎಂದು ಬರೆದರು. ಈ ವ್ಯತ್ಯಾಸ ಸಣ್ಣದಲ್ಲ. ಪರೀಕ್ಷೆಯಾದರೆ ಅದು ತಪ್ಪಾಗಲೂಬಹುದು, ತಪ್ಪೆಂದು ಹೇಳುವ ಅಧಿಕಾರ ನನಗೆ ಬರುತ್ತದೆ. ಆರನೆಯದೋ ಏಳನೆಯದೋ ಭೇಟಿಯಲ್ಲಿ ಸೋಮವಾರದ ಮೀಟಿಂಗಿನ ಬಗ್ಗೆ ಹೇಳುತ್ತಿದ್ದಾಗ ಅವರು, "ಭಯ ಆಗುತ್ತೆ" ಎಂದರು.

"ಭಯ ಅಲ್ಲ" ಎಂದೆ.

"ಭಯ ಅಲ್ಲ. ಸಂಕೋಚ?"

"ಸಂಕೋಚನೂ ಅಲ್ಲ. ಸಂಕೋಚ ನೆಂಟರ ಮನೆಯಲ್ಲಿ ಇನ್ನೊಂದು ಸಲ ಬಡಿಸಿಕೊಳ್ಳುವಾಗ ಆಗುತ್ತೆ. ಇದು ಬೇರೆ." ಅಳುಕು, ಹಿಂಜರಿಕೆ, ಮುಜುಗರ, ನಾಚಿಕೆ, ಕೀಳರಿಮೆ ಎಂದು ಒಂದೊಂದಾಗಿ ಎತ್ತಿ ನೋಡಿ ಕೆಳಗಿಟ್ಟೆವು. ಅವರಿಗೆ ಅವಸರವಿರಲಿಲ್ಲ. ಕೊನೆಗೆ ನನ್ನ ಬಾಯಿಂದ ಬಂದದ್ದು ಒಂದು ಪದವಲ್ಲ, ಊರಿನ ಮಾತು: "ಆಟಕ್ಕುಂಟು, ಲೆಕ್ಕಕ್ಕಿಲ್ಲ."

ಚಿಕ್ಕಂದಿನಲ್ಲಿ ಅಣ್ಣಂದಿರ ಆಟಕ್ಕೆ ನನ್ನನ್ನು ಸೇರಿಸಿಕೊಳ್ಳುತ್ತಿದ್ದುದು ಹಾಗೆ. ಔಟಾದರೂ ಔಟಲ್ಲ, ಓಡಿದರೂ ರನ್ನಲ್ಲ. ಅಳದಿರಲಿ ಎಂದು ಮೈದಾನದಲ್ಲಿ ನಿಲ್ಲಿಸಿರುತ್ತಿದ್ದರು. ಆ ಮಾತು ಹೊರಬಂದದ್ದೇ ತಡ, ಗ್ರೂಪ್ ಮೀಟಿಂಗಿನ ಕೋಣೆ, ಮೆಸ್ಸಿನ ಉದ್ದ ಮೇಜು, ಹೈಸ್ಕೂಲಿನ ಕೊನೆಯ ಬೆಂಚು ಎಲ್ಲವೂ ಅದರ ಹಿಂದೆ ಸಾಲಾಗಿ ಬಂದು ನಿಂತವು. ನಾನು ಅತ್ತೆ. ಮೇಡಂ ಸಮಾಧಾನ ಮಾಡಲಿಲ್ಲ, ಟಿಶ್ಯೂ ಡಬ್ಬಿಯನ್ನೂ ನನ್ನತ್ತ ತಳ್ಳಲಿಲ್ಲ. ಅದು ಕೈಗೆಟಕುವಲ್ಲೇ ಇತ್ತು. "ಅಲ್ಲೇ ನಿಂತಿದೀರಿ, ಯಾರೂ ಎಣಿಸ್ತಿಲ್ಲ" ಎಂದರು. ಅವರ ಕಣ್ಣಂಚೂ ಒದ್ದೆಯಾಗಿತ್ತು. ಅದನ್ನು ಅವರು ಮರೆಮಾಡಲಿಲ್ಲ.

ಲೆಕ್ಕಕ್ಕೆ ಬರುವ ದಾರಿ ನನಗೆ ಗೊತ್ತಿದ್ದದ್ದು ಒಂದೇ. ಹತ್ತನೆಯ ತರಗತಿಯ ನನ್ನ ಅಂಕಪಟ್ಟಿಯ ಜೆರಾಕ್ಸನ್ನು ಅಪ್ಪ ಅಂಗಿ ಜೇಬಿನಲ್ಲಿಟ್ಟುಕೊಂಡು ತಿಪಟೂರಿನ ಮಂಡಿಗೆ ಹೋಗಿ, ಕೊಬ್ಬರಿ ವ್ಯಾಪಾರಿಗಳಿಗೆಲ್ಲ ತೋರಿಸಿ ಬಂದಿದ್ದರು. ಅಪ್ಪನಿಗೆ ನನ್ನ ಮೇಲೆ ಪ್ರೀತಿ ಇರಲಿಲ್ಲವೆಂದಲ್ಲ. ಆದರೆ ಆ ಪ್ರೀತಿ ಕಣ್ಣಿಗೆ ಕಾಣುತ್ತಿದ್ದುದು ಅಂಕ ಬಂದ ದಿನ. ಮಗುವಿಗೆ ಹೀಗೆ ಷರತ್ತುಗಳ ಮೇಲೆ ಬೆಲೆ ಸಿಕ್ಕರೆ, ದೊಡ್ಡವನಾದ ಮೇಲೆ ಅದೇ ಷರತ್ತುಗಳನ್ನು ತನಗೆ ತಾನೇ ಹಾಕಿಕೊಳ್ಳುತ್ತಾನೆ ಎಂಬುದು ರೋಜರ್ಸ್ ಅವರ ಸಿದ್ಧಾಂತದ ಒಂದು ಮುಖ್ಯ ಎಳೆ. 2023ರಲ್ಲಿ ಉಂಡೆ ಕೊಬ್ಬರಿಗೆ ಕ್ವಿಂಟಾಲಿಗೆ 11,750 ರೂಪಾಯಿ ಬೆಂಬಲ ಬೆಲೆ ಎಂದು ಘೋಷಣೆಯಾಗಿದ್ದರೂ ಮಾರುಕಟ್ಟೆಯ ದರ ಅದಕ್ಕಿಂತ ಬಹಳ ಕೆಳಗಿಳಿದಿತ್ತು. ಮನೆಯಲ್ಲಿ ಕೊಬ್ಬರಿಯ ರೇಟು ಬಿದ್ದ ವರ್ಷವೇ ನನ್ನ ರೇಟೂ ಬೀಳುತ್ತಿದೆಯಲ್ಲ ಎಂಬ ಅಪರಾಧಭಾವ ನನ್ನನ್ನು ಎಷ್ಟು ತಿನ್ನುತ್ತಿತ್ತೆಂಬುದು ನನಗೇ ತಿಳಿದಿರಲಿಲ್ಲ. ಒಂದು ದಿನ ಫೆಲೋಶಿಪ್ ಹಣದ ಬಗ್ಗೆ ಏನೋ ಹೇಳಲು ಹೋಗಿ ಈ ಮಾತು ಆಡಿದೆ. ಆಡಿದ ಮೇಲೆ ಕೇಳಿಸಿತು.

ಕೊಬ್ಬರಿಯ ಮಾತು ಬಂದದ್ದರಿಂದ ಅಟ್ಟದ ವಿಷಯವನ್ನೂ ಹೇಳಬೇಕು. ನಮ್ಮ ಕಡೆ ಬಲಿತ ಕಾಯಿಯನ್ನು ಸಿಪ್ಪೆ ಸಮೇತ ಅಟ್ಟಕ್ಕೆ ಹಾಕಿ ಎಂಟು-ಹತ್ತು ತಿಂಗಳು, ಕೆಲವೊಮ್ಮೆ ವರ್ಷವೇ, ಹಾಗೆಯೇ ಬಿಡುತ್ತಾರೆ. ಒಳಗಿನ ನೀರು ತಾನಾಗಿ ಇಂಗಬೇಕು, ತಿರುಳು ತಾನಾಗಿ ಚಿಪ್ಪು ಬಿಡಬೇಕು. ಆಗ ಅಲುಗಾಡಿಸಿದರೆ ಒಳಗೆ ಉಂಡೆ ಗಡಗಡ ಎನ್ನುತ್ತದೆ. ಏಳು ವರ್ಷದವನಿದ್ದಾಗ ನಾನು ಏಣಿ ಹತ್ತಿ, ಆಗಿದೆಯೋ ಇಲ್ಲವೋ ನೋಡಲು ಒಂದು ಕಾಯಿಯನ್ನು ಇಳಿಸಿ ಒಡೆದಿದ್ದೆ. ಅದು ಅತ್ತ ಹಸಿಕಾಯಿಯೂ ಅಲ್ಲ, ಇತ್ತ ಕೊಬ್ಬರಿಯೂ ಅಲ್ಲ. ಮುಗ್ಗಲು ವಾಸನೆಯ ತಿರುಳು. ಅಜ್ಜಿ ಬಯ್ಯಲಿಲ್ಲ, "ಅದರ ಪಾಡಿಗೆ ಬಿಡೋ, ಆಯ್ತದೆ" ಎಂದಳು. ಇದನ್ನು ಮೇಡಂಗೆ ಯಾಕೆ ಹೇಳಿದೆನೋ ತಿಳಿಯದು. ಅವರು ಅದಕ್ಕೆ ವ್ಯಾಖ್ಯಾನ ಮಾಡಲಿಲ್ಲ. ಸೂರಿನಿಂದ ಗಾಳಿ ಹೇಗೆ ಆಡುತ್ತದೆ, ಮಳೆಗಾಲದಲ್ಲಿ ಏನು ಮಾಡುತ್ತೀರಿ ಎಂದು ಆಸಕ್ತಿಯಿಂದ ಕೇಳಿದರು. ಆಮೇಲೆ ಓದುವಾಗ ಗೊತ್ತಾಯಿತು, ರೋಜರ್ಸ್ ಅವರಿಗೂ ಇಂಥದೇ ಒಂದು ನೆನಪಿತ್ತು. ಅವರ ಮನೆಯ ನೆಲಮಾಳಿಗೆಯಲ್ಲಿ ಚಳಿಗಾಲಕ್ಕೆಂದು ತುಂಬಿಟ್ಟ ಆಲೂಗಡ್ಡೆಗಳು, ಮೇಲಿದ್ದ ಪುಟ್ಟ ಕಿಟಕಿಯ ಬೆಳಕಿನ ಕಡೆಗೆ ಎರಡು ಮೂರು ಅಡಿ ಉದ್ದದ ಬಿಳಿಚಿಕೊಂಡ ಮೊಳಕೆಗಳನ್ನು ಚಾಚುತ್ತಿದ್ದವಂತೆ. ಗಿಡವಾಗುವ ಯಾವ ಭರವಸೆಯೂ ಇಲ್ಲದ ಆ ಮೊಳಕೆಗಳನ್ನು ಅವರು ಆಸ್ಪತ್ರೆಗಳ ಹಿಂಬದಿ ವಾರ್ಡುಗಳಲ್ಲಿ ಕಂಡ ಮನುಷ್ಯರಿಗೆ ಹೋಲಿಸಿದರು. 1957ರ ತಮ್ಮ ಪ್ರಸಿದ್ಧ ಪ್ರಬಂಧದಲ್ಲಿ, ವ್ಯಕ್ತಿಯಲ್ಲಿ ಬದಲಾವಣೆ ಆಗಲು ಬೇಕಾದ ಆರು ಷರತ್ತುಗಳನ್ನು ಹೇಳಿ, ಅವಿಷ್ಟಿದ್ದರೆ ಸಾಕು ಎಂದೂ ವಾದಿಸಿದರು. ಚಿಕಿತ್ಸಕರ ಪಾಲಿಗೆ ಬರುವುದು ಮುಖ್ಯವಾಗಿ ಮೂರು: ಒಳಗೊಂದು ಹೊರಗೊಂದು ಇಲ್ಲದಿರುವುದು, ಷರತ್ತಿಲ್ಲದೆ ಒಪ್ಪಿಕೊಳ್ಳುವುದು, ಎದುರಿನವರ ಲೋಕವನ್ನು ಅವರ ಕಣ್ಣಿನಿಂದಲೇ ಕಾಣುವುದು. ಸಾಕು ಎಂಬ ಮಾತನ್ನು ನಾನು ಒಪ್ಪಲಾರೆ, ನನಗಂತೂ ಮಾತ್ರೆಯೂ ಬೇಕಾಯಿತು. ಆದರೆ ಈ ಮೂರರಲ್ಲಿ ಮೊದಲನೆಯದು ಎಷ್ಟು ಕಷ್ಟದ್ದೆಂದು ಒಂದು ಗುರುವಾರ ಕಂಡೆ.

ಅಂದು ನಾನು ಅರ್ಧ ಗಂಟೆ ನನ್ನ ಪ್ರಯೋಗದ ಬಗ್ಗೆಯೇ ಮಾತನಾಡಿದ್ದೆ. ಇದ್ದಕ್ಕಿದ್ದಂತೆ ನಿಲ್ಲಿಸಿ, "ನಿಮಗೆ ಬೋರ್ ಆಗ್ತಿದೆ ಅಲ್ವಾ ಮೇಡಂ" ಎಂದೆ. ಇಲ್ಲ ಇಲ್ಲ ಎನ್ನುತ್ತಾರೆಂದು ಕಾದೆ. ಅವರು ಒಂದು ಕ್ಷಣ ಯೋಚಿಸಿ, "ಸ್ವಲ್ಪ ಹೊತ್ತಿನಿಂದ ನನ್ನ ಗಮನ ಜಾರ್ತಿತ್ತು, ನಿಜ. ನಿಮ್ಮ ಕೆಲಸ ಬೋರು ಅಂತಲ್ಲ. ಮಾತು ಕೇಳಿಸ್ತಿತ್ತು, ಆದ್ರೆ ಅದ್ರಲ್ಲಿ ನೀವು ಎಲ್ಲಿದೀರಿ ಅಂತ ನನಗೆ ಸಿಗ್ತಿರ್ಲಿಲ್ಲ" ಎಂದರು. ಮುಖಕ್ಕೆ ನೀರು ಎರಚಿದಂತಾಯಿತು. ಮುಂದಿನ ವಾರ ಹೋಗಬಾರದೆಂದೇ ನಿರ್ಧರಿಸಿದ್ದೆ. ಆದರೆ ಬುಧವಾರದ ಹೊತ್ತಿಗೆ ಇನ್ನೊಂದು ಲೆಕ್ಕ ಹೊಳೆಯಿತು: ಬೇಸರವಾದಾಗ ಬೇಸರವಾಯಿತೆಂದು ಹೇಳುವವರು, ಇಷ್ಟು ದಿನ ಬೇಸರವಿಲ್ಲವೆಂದು ತೋರಿಸಿದ್ದೂ ನಿಜವೇ ಇರಬೇಕಲ್ಲವೇ? ಹೋದೆ. ಆ ದಿನವೇ ಮಂಜುವಿನ ವಿಷಯ ಹೇಳಿದೆ. ಇಲ್ಲದ ಗೆಳೆಯನನ್ನು, ಅವನ ತಂಗಿಯನ್ನು, ಮಿಠಾಯಿಯ ಎರಡನೆಯ ಪೊಟ್ಟಣವನ್ನು. ಸುಳ್ಳನೆಂದು ಕಾಣುತ್ತಾರೆಂಬ ಅಂಜಿಕೆಯಿಂದ ನೆಲ ನೋಡುತ್ತ ಹೇಳಿ ಮುಗಿಸಿದಾಗ ಅವರು, "ಮಂಜು ಇದ್ದಿದ್ರೆ ಚೆನ್ನಾಗಿರ್ತಿತ್ತು" ಎಂದರು. ನನ್ನ ಸುಳ್ಳಿನೊಳಗೆ ಇದ್ದದ್ದು ಅದೊಂದೇ ಮಾತು.

ಎಲ್ಲವೂ ಏರುಮುಖವಾಗಿ ನಡೆಯಿತೆಂದು ತಿಳಿಯಬಾರದು. ಫೆಬ್ರುವರಿಯಲ್ಲಿ ವಿಭಾಗದ ಸೆಮಿನಾರಿನಲ್ಲಿ ಮೂರನೆಯ ಸ್ಲೈಡಿಗೆ ನನ್ನ ಬಾಯಿ ಕಟ್ಟಿಹೋಯಿತು. ಹಿಂದಿನ ಸಾಲಿನಲ್ಲಿ ಯಾರೋ ನಕ್ಕದ್ದೂ ಕೇಳಿಸಿತು. ಆ ವಾರ ಮೂರು ದಿನ ಕೋಣೆಯಿಂದ ಹೊರಬರಲಿಲ್ಲ. ಆಗ ನನಗೆ ಬೇಕಾಗಿದ್ದದ್ದು ಉಸಿರಾಟದ ಒಂದು ಉಪಾಯವೋ, ಅಭ್ಯಾಸಕ್ಕೊಂದು ಮೆಟ್ಟಿಲು ಮೆಟ್ಟಿಲಾದ ಪಟ್ಟಿಯೋ ಆಗಿತ್ತು, ಅದು ಈ ಕುರ್ಚಿಯಲ್ಲಿ ಸಿಗುತ್ತಿರಲಿಲ್ಲ. ಈ ಬಾರಿ ಸಿಟ್ಟಿಲ್ಲದೆ ಮೇಡಂಗೆ ಹೇಳಿದೆ. ಅವರ ಸಹೋದ್ಯೋಗಿಯ ಬಳಿ ಐದು ಸಲ ಹೋಗಿ, ಭಾಷಣವನ್ನು ಮೊದಲು ಒಬ್ಬರ ಮುಂದೆ, ಆಮೇಲೆ ಮೂವರ ಮುಂದೆ ಹೇಳುವ ಅಭ್ಯಾಸ ಮಾಡಿದೆ. ಅದು ನಿಜವಾಗಿ ಕೆಲಸಕ್ಕೆ ಬಂತು. ಅಕ್ಟೋಬರಿನಲ್ಲೇ ಅಲ್ಲಿಗೆ ಹೋಗಿದ್ದರೆ ಬೇಗ ಗುಣವಾಗುತ್ತಿತ್ತೇ ಎಂದು ಕೆಲವರು ಕೇಳುತ್ತಾರೆ. ಇರಬಹುದು. ಆದರೆ ನನಗೆ ಇಂಥದು ಬೇಕು ಎಂದು ಬಾಯಿಬಿಟ್ಟು ಕೇಳುವ ಮನುಷ್ಯ ಅಕ್ಟೋಬರಿನಲ್ಲಿ ಇರಲಿಲ್ಲ.

2024ರ ಮೇ ತಿಂಗಳ ಹೊತ್ತಿಗೆ ಇಪ್ಪತ್ತನಾಲ್ಕು ಭೇಟಿಗಳಾಗಿದ್ದವು. ಜಿಎಡಿ-7ರಲ್ಲಿ 7 ಬಂತು. ಇನ್ನು ಹದಿನೈದು ದಿನಕ್ಕೊಮ್ಮೆ ಬಂದರೆ ಸಾಕೆನ್ನಿಸುತ್ತದೆ ಎಂದು ನಾನೇ ಹೇಳಿದೆ, ಆಮೇಲೆ ತಿಂಗಳಿಗೊಮ್ಮೆಯಾಯಿತು, ಆಮೇಲೆ ನಿಂತಿತು. ಮಾತ್ರೆಯನ್ನು ಮನೋವೈದ್ಯರು ಇನ್ನೂ ಕೆಲವು ತಿಂಗಳು ಮುಂದುವರಿಸಿ ನಿಧಾನವಾಗಿ ಇಳಿಸಿದರು. ಗ್ರೂಪ್ ಮೀಟಿಂಗಿನಲ್ಲಿ ಈಗಲೂ ನನ್ನ ಇಂಗ್ಲಿಷ್ ತಡವರಿಸುತ್ತದೆ; ತಡವರಿಸುತ್ತಲೇ ಪ್ರಶ್ನೆ ಕೇಳುತ್ತೇನೆ. ಅಂಗಡಿಗೆ ಫೋನ್ ಮಾಡುವ ಮೊದಲು ಹೇಳಬೇಕಾದ್ದನ್ನು ಇಂದಿಗೂ ಮನಸ್ಸಿನಲ್ಲೇ ಎರಡು ಸಲ ಹೇಳಿಕೊಳ್ಳುತ್ತೇನೆ. ಮೆಸ್ಸಿಗೆ ಎಂಟೂಕಾಲಿಗೆ ಹೋಗುತ್ತೇನೆ, ವಾರದಲ್ಲಿ ಮೂರು ನಾಲ್ಕು ದಿನ ಲ್ಯಾಬಿನ ಕಲಬುರಗಿಯ ಹುಡುಗನ ಜೊತೆ ಕೂರುತ್ತೇನೆ. ಅವನು ಊಟ ಮಾಡುವಾಗ ಮಾತನಾಡುವುದಿಲ್ಲ, ನನಗೆ ಅದು ಅನುಕೂಲವೇ.

ಕಳೆದ ತಿಂಗಳು ಅವನು ರಜೆಯ ಮೇಲೆ ಊರಿಗೆ ಹೋಗಿದ್ದ. ರಾತ್ರಿ ಅಮ್ಮನ ಫೋನು ಬಂತು.

"ಉಂಡ್ಯೇನಪ್ಪ? ಯಾರ್ ಜೊತೆ ಉಂಡೆ?"

"ಒಬ್ನೇ ಉಂಡೆ ಅಮ್ಮ."

ಅತ್ತಲಿಂದ ಸ್ವಲ್ಪ ಹೊತ್ತು ಮಾತಿಲ್ಲ. ಹಿತ್ತಲಿನ ನಾಯಿ ಬೊಗಳುವುದು ಕೇಳಿಸುತ್ತಿತ್ತು.

"ಏನ್ ಸಾರು ಮಾಡಿದ್ರು?" ಎಂದಳು.